ಎರಡು ಗೋಪುರದ ಚಿತ್ರ

"ನನ್ನ ಮಗ ಕೊನೆಯದಾಗಿ ಬರೆದ ಚಿತ್ರದಲ್ಲಿ ಮೂರು ಒಗಟುಗಳಿವೆ. ಬಿಡಿಸಿದವರು ಬೇಡಿದ್ದನ್ನು ಕೊಡುತ್ತೇನೆ. ತಪ್ಪಿದವರ ತಲೆ ಉಳಿಯುವುದಿಲ್ಲ."

ತೊರೆಪಟ್ಟಣದ ಅರಸ ಸಿಂಗಭೂಪ ಹೀಗೆ ಡಂಗುರ ಹೊಡೆಸಿದ. ರಾಜಕುಮಾರ ಹೊಳೆಯ ಪಾಲಾಗಿದ್ದ, ದೇಹ ಸಿಕ್ಕಿರಲಿಲ್ಲ. ಖಾಲಿ ಹರಿಗೋಲಿನಲ್ಲಿ, ಸೀಸದ ಕಡ್ಡಿಯಿಂದ ಹಗುರವಾಗಿ ಗೀಚಿದ ಊರಿನ ಚಿತ್ರವೊಂದೇ ಸಿಕ್ಕಿತ್ತು. ಅಂಬಿಗ ಕೆಂಚಪ್ಪನೇ ನೂಕಿದನೆಂದು ಅರಸ ಅವನನ್ನು ಸೆರೆಗೆ ಹಾಕಿದ್ದ. ಅಮಾವಾಸ್ಯೆಗೆ ಗಲ್ಲು. "ನಾನು ಹರಿಗೋಲಲ್ಲೇ ಇರಲಿಲ್ಲ" ಎಂಬ ಅವನ ಮಾತನ್ನು ಯಾರೂ ನಂಬಲಿಲ್ಲ.

ಊರಿಗೆ ಗೋಪುರ ಒಂದೇ, ಚಿತ್ರದಲ್ಲಿ ಎರಡು. ಕೈತಪ್ಪು ಎಂದ ಆಸ್ಥಾನದ ಚಿತ್ರಕಾರ. "ನನ್ನ ಮಗನಿಗೆ ತನ್ನೂರಿನ ಗೋಪುರ ತಿಳಿಯದೇ?" ಎಂದು ಅರಸ ಅವನನ್ನು ತಲೆದಂಡಕ್ಕೆಂದು ಕಟ್ಟಿಹಾಕಿಸಿದ. ಚಿತ್ರದ ದಡದ ಅಂಚಿನಲ್ಲಿ ಉದ್ದನೆಯದೇನನ್ನೋ ಎತ್ತಿ ನಿಂತವನು ಈಟಿ ಹಿಡಿದ ಕಾವಲುಗಾರ ಎಂದ ನೆರೆನಾಡಿನ ಅರಸುಮಗ. ಅಂದು ಅಲ್ಲಿ ಕಾವಲೇ ಇರಲಿಲ್ಲ. ಅವನನ್ನೂ ಕಟ್ಟಿದರು.

ಆಮೇಲೆ ಬಂದವನು ಕೆಂಚಪ್ಪನ ಮಗ ದ್ಯಾವ.

"ಅಪ್ಪನಿಗಿಂತ ಮೊದಲೇ ಹೋಗೋ ಆತುರವೇನಯ್ಯ?" ಎಂದ ಮಂತ್ರಿ.

"ಹೋಗೋದಾದರೆ ಚಿತ್ರ ನೋಡಿಕೊಂಡೇ ಹೋಗ್ತೀನಿ, ಸ್ವಾಮಿ."

ಅರಸ ಕೇಳಿದ: "ಹೊಳೆಯಿರುವ ಕಡೆ ಒಂದು ಅಲೆಯನ್ನೂ ಬರೆದಿಲ್ಲ. ಆದರೂ ನೀರು ಹರಿಯುತ್ತದೆ. ಹೇಗೆ?"

ದ್ಯಾವ ಬಹಳ ಹೊತ್ತು ನೋಡಿದ. "ದಡದ ಮೆಟ್ಟಿಲುಗಳ ನೆರಳನ್ನ ಅಲ್ಲಲ್ಲಿ ತುಂಡರಿಸಿದ್ದಾರೆ, ಬುದ್ಧಿ. ಮಿಕ್ಕ ಬಿಳಿ ಕಾಗದವನ್ನ ನಮ್ಮ ಕಣ್ಣೇ ನೀರು ಮಾಡಿಕೊಳ್ತದೆ. ಪೂರ್ತಿ ತುಂಬಿದ್ದರೆ ಹೊಳೆ ನಿಂತುಬಿಡ್ತಿತ್ತು."

ಅರಸ ತಲೆದೂಗಿದ. "ಗೋಪುರ ಎರಡೇಕೆ?"

"ಹುಟ್ಟು ಹಾಕಿ ನಡೆಸದಿದ್ದರೆ ಹರಿಗೋಲು ಸುತ್ತುತ್ತಾ ತೇಲ್ತದೆ. ಒಂದು ಸುತ್ತು ಮುಗಿದ ಮೇಲೆ ಗೋಪುರ ಮತ್ತೆ ಎದುರಿಗೆ ಬಂತು, ಮತ್ತೆ ಬರೆದರು. ಎರಡನೆಯದು ಚಿಕ್ಕದು ನೋಡಿ. ಅಷ್ಟರಲ್ಲಿ ದೂರ ಹೋಗಿದ್ದರು."

"ಹಾಗಾದರೆ ಹುಟ್ಟು ಹಾಕುವವನು ಎಲ್ಲಿದ್ದ?" ಅರಸ ಪೀಠ ಬಿಟ್ಟು ಎದ್ದ.

"ಮೂರನೆಯದನ್ನ ಕೇಳಿ, ಬುದ್ಧಿ."

"ದಡದ ಜನರೆಲ್ಲ ಅರ್ಧರ್ಧ ಗೆರೆ. ಒಬ್ಬ ಮಾತ್ರ ಪೂರ್ತಿಯಾಗಿದ್ದಾನೆ. ಅವನು ಯಾರು?"

"ಈಟಿಯವನು ಮೊಣಕಾಲುದ್ದ ನೀರಿಗೆ ಯಾಕೆ ಇಳೀತಾನೆ? ಇವನು ಒಂದು ಕೈಯಲ್ಲಿ ಬನ್ನಿ ಅಂತ ಕರೀತಿದ್ದಾನೆ. ಇನ್ನೊಂದು ಕೈಯಲ್ಲಿ ಎತ್ತಿ ತೋರಿಸ್ತಿರೋದು ಹುಟ್ಟು. ರಾಜಕುಮಾರರು ಅದನ್ನ ದಡದಲ್ಲೇ ಬಿಟ್ಟು ಒಬ್ಬರೇ ತೇಲಿ ಹೋದರು. ಅವನು ನಮ್ಮಪ್ಪ, ಬುದ್ಧಿ."

ಅರಸ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದ. ಮಗ ಬರೆದಿಟ್ಟ ಸಾಕ್ಷಿಯನ್ನು ಅವನು ದಿನವೂ ನೋಡಿದ್ದ. ಅಲ್ಲಿ ಕಾವಲಿರಲಿಲ್ಲವೆಂದು ತಿಳಿದೂ ದಿನವೂ ಈಟಿಯನ್ನೇ ಕಂಡಿದ್ದ.

ದ್ಯಾವ ತನ್ನ ಅಪ್ಪನನ್ನೂ ಕಟ್ಟಿಹಾಕಿದ್ದ ಇಬ್ಬರನ್ನೂ ಬೇಡಿದ. ಅರಸ ಮೂವರನ್ನೂ ಕೊಟ್ಟ. ಹೊಳೆ ದಾಟಿಸುವ ಕಡವಿನ ಹಕ್ಕನ್ನು ದ್ಯಾವನಿಗೆ ಉಂಬಳಿಯಾಗಿ ಬಿಟ್ಟ. ಆಮೇಲೆ ಸೆರೆಮನೆಯ ಬೀಗವನ್ನು ತಾನೇ ತೆಗೆದ.

ಕೆಂಚಪ್ಪ ಮೆಲ್ಲಗೆ ಎದ್ದು ಕೈ ಮುಗಿದ.

"ಚಿಕ್ಕದೊರೆಗಳು ಸಿಕ್ಕಿದರಾ, ಬುದ್ಧಿ?" ಎಂದು ಕೇಳಿದ.

ಅರಸ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟ.