ಮೊಲದ ಮರಿ ಬದುಕಿಸಿದ ಸಣ್ಣೀರಜ್ಜಿ

ಕೇಳ್ರವ್ವಾ, ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದಿದ್ದ ಕಾಲದಾಗೆ, ಬಂಡೆಹಟ್ಟಿ ಅಂತ ಒಂದೂರು. ಆ ಊರಾಗೆ ಮನೆಮನೆಗೂ ಮೊಲ ಸಾಕ್ತಿದ್ರಂತೆ. ಅಲ್ಲಿ ಬೋರಕ್ಕ ಅಂತೊಬ್ಬಳು. ಅವಳ ಚೊಕ್ಕಟ ಕೇಳಬೇಡಿ! ಮೊಲದ ಗೂಡನ್ನ ಹೊತ್ತುಹೊತ್ತಿಗೂ ಗುಡಿಸಿ, ಬೂದಿನೀರು ಹಾಕಿ ತೊಳೀತಿದ್ಲಂತೆ. ಒಂದು ಹಿಕ್ಕೆ ಬಿದ್ದಿರೋ ಹಂಗಿಲ್ಲ. ಅವಳನ್ನ ನೋಡಿ ಊರ ಹೆಂಗಸರೆಲ್ಲ ಹಂಗೇ ಕಲಿತ್ರು.

ಆಮೇಲೆ ಏನಾಯ್ತು ಅಂತೀರಿ? ಮರಿಗಳು ಸಾಯೋಕೆ ಹತ್ತಿದ್ವು! ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕೋ ಹೊತ್ತಿಗೆ ಹೊಟ್ಟೆ ಉಬ್ಬೋದು, ನೀರುನೀರಾಗಿ ಭೇದಿಯಾಗೋದು, ಮಲಗಿದಲ್ಲೇ ಸೆಟೆದುಕೊಳ್ಳೋದು. ದೊಡ್ಡವು ಮುದಿಯಾಗಿ ಹೋದ್ವು, ಊರಿಗೆ ಊರೇ ಗೂಡು ಖಾಲಿ. ಕೊನೆಗೆ ಉಳಿದದ್ದು ಬೋರಕ್ಕನ ಮನೆಯ ಒಂದು ತಾಯಿಮೊಲ, ಅದರ ಮರಿಗಳು. ಆ ತಳಿ ಅವಳ ತವರಿಂದ ಬಂದದ್ದು. ತವರಾಗೆ ದೀಪ ಹಚ್ಚೋರೂ ಉಳಿದಿರಲಿಲ್ಲ. ಈ ಮೊಲ ಹೋದ್ರೆ ಅವಳಿಗೆ ತವರಿಂದು ಅಂತ ಏನೂ ಇಲ್ಲ. ಆ ಮರಿಗಳಿಗೂ ಹೊಟ್ಟೆ ಉಬ್ಬಿತಂತೆ.

ಬೋರಕ್ಕ ಅಳ್ತಾ ಓಡಿ ಸಣ್ಣೀರಜ್ಜಿನ ಕರಕೊಂಡು ಬಂದ್ಲು. ಮೂಕಪ್ರಾಣಿಯ ಹೊಟ್ಟೆ ಸವರಿದ್ರೆ ಸಾಕು, ಒಳಗಿಂದೆಲ್ಲ ಈ ಅಜ್ಜಿಗೆ ತಿಳೀತಿತ್ತಂತೆ. ಅವಳ ಮುಂದೆ ಹುಲಿನೂ ಅಂಗಾತ ಮಲಗ್ತಿತ್ತಂತೆ. ನಾನಂತೂ ನೋಡಿಲ್ಲವ್ವಾ!

ಅಜ್ಜಿ ಗೂಡು ನೋಡಿ, ಹಿಕ್ಕೆ ಎಲ್ಲಿ ಅಂದ್ಲು. ಒಂದೂ ಬಿಟ್ಟಿಲ್ಲ ಅಂತ ಬೋರಕ್ಕ ಹೆಮ್ಮೆಯಿಂದ ಹೇಳಿದ್ಲು. ಅಜ್ಜಿ ಹಣೆ ಚಚ್ಚಿಕೊಂಡ್ಲಂತೆ. ತಾಯಿಮೊಲನ ತೊಡೆಮೇಲೆ ಇಟ್ಕೊಂಡು ಕಾದು ಕೂತ್ಲು. ಮೊಲಗಳು ಮೆತ್ತನೆ ಹಿಕ್ಕೆ ಹಾಕಿದ ಕೂಡಲೇ ತಾವೇ ತಿಂತವಲ್ಲ, ಇದು ಹಂಗೆ ಬಾಯಿ ಹಾಕೋದ್ರೊಳಗೆ ಅದನ್ನ ಅಂಗೈಯಾಗೆ ಹಿಡಿದು, ಒಂದು ಬಟ್ಟಲು ಹುಳಿಮಜ್ಜಿಗೆಯಾಗೆ ಕಿವುಚಿದ್ಲು.

"ಅಯ್ಯಯ್ಯೋ, ಥೂ! ಇದನ್ನ ಮರಿ ಬಾಯಿಗೆ ಇಡ್ತೀಯಾ ಅಜ್ಜೀ?" ಅಂದ್ಲು ಬೋರಕ್ಕ.

ಅಜ್ಜಿ ಬೆರಳು ಅದ್ದಿ ಮೊದಲು ತಾನೇ ನೆಕ್ಕಿದ್ಲು! ಬಾಗಿಲಾಗೆ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡ್ರು. ಒಬ್ಬಳು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ್ಲಂತೆ.

"ತಾಯಿ ಬರೀ ಹಾಲು ಕೊಡಲ್ಲ ಕಣೇ. ಹೊಟ್ಟೆ ಕಾಪಾಡೋದನ್ನ ಹಿಕ್ಕೆಯಾಗೆ ಗೂಡಲ್ಲಿ ಬಿಡ್ತಾಳೆ, ಮರಿ ತಿಂತವೆ. ನೀನು ಗುಡಿಸಿ ತಿಪ್ಪೆಗೆ ಎಸೆದೆ."

ಬೋರಕ್ಕ ತನ್ನ ಪೊರಕೆ ಕಡೆ ನೋಡಿದ್ಲು. "ಹಂಗಾದ್ರೆ ಊರ ಮರಿಗಳನ್ನೆಲ್ಲ ಕೊಂದೋಳು ನಾನೇನಾ?"

ಅಜ್ಜಿ ಬಟ್ಟಲು ಮುಂದೆ ಹಿಡಿದ್ಲು. ಬೋರಕ್ಕ ಬೆರಳು ಅದ್ದಿ ತಾನೂ ನೆಕ್ಕಿ, ಆಮೇಲೆ ಮರಿಗಳ ಬಾಯಿಗೆ ಇಟ್ಲಂತೆ. ಒಂದು ಗಂಡು, ಒಂದು ಹೆಣ್ಣು ಉಳಕೊಂಡ್ವು. ಈಗಿರೋ ಊರ ಮೊಲವೆಲ್ಲ ಅವುಗಳದ್ದೇ ಸಂತಾನ.

ಇವತ್ತಿಗೂ ಬಂಡೆಹಟ್ಟಿಯಾಗೆ ಮೊಲದ ಮರಿ ಕಣ್ಣು ಬಿಟ್ಟ ಮೇಲೆ ಗೂಡು ಗುಡಿಸಲ್ಲ. ಸಣ್ಣೀರಜ್ಜಿ ಹೆಸರು ಹೇಳಿ ಬಟ್ಟಲಾಗೆ ಹಿಕ್ಕೆ-ಮಜ್ಜಿಗೆ ಕಲಸ್ತಾರೆ. ಹೊಸ ಸೊಸೆ ಥೂ ಅಂದ್ರೆ ಯಾರೂ ಬೈಯಲ್ಲ, ಅತ್ತೆ ಮೊದಲು ನೆಕ್ಕಿ ತೋರಿಸ್ತಾಳೆ. ಬೋರಕ್ಕನ ಮನೆತನದೋರು ಮಾತ್ರ ಬಟ್ಟಲು ಕಲಸಿದ ದಿನ, ಆಗ ಊರ ಸತ್ತ ಮರಿಗಳನ್ನ ಹಾಕಿದ್ದ ತಿಪ್ಪೆಗುಂಡಿ ಹತ್ರ ಹೋಗಿ, ಒಂದು ಹಿಡಿ ಎಳೇ ಹುಲ್ಲು ಇಟ್ಟು, ತಿರುಗಿ ನೋಡದಂಗೆ ಬರ್ತಾರೆ. ಹುಲ್ಲಿಗೆ ಬಾಯಿ ಹಾಕಿದ ಹೊತ್ತಿಗೇ ಸತ್ತ ಮರಿಗಳಲ್ವೇ ಅವು.