ಹಿಂದಕ್ಕೆ ತಿರುಗಿಸಿದ ಹಾಡು

“ಅಪ್ಪಾರ, ತನ್ನ ಕಿವಿಲೆ ಕೇಳಿದ್ದನ್ನ ಮನುಷ್ಯಾ ನಂಬಬೇಕೋ ಬ್ಯಾಡೋ?” ಎಂದು ಮಠದ ಶಿಷ್ಯ ಮುರಿಗೆಯ್ಯ ಗುರುಗಳನ್ನು ಕೇಳಿದನು.

ಮಠದ ದಾಸೋಹಕ್ಕೆ ಜೋಳ ಬೀಸುವ ಮುದುಕಿ ನೀಲವ್ವ ತನ್ನ ಹಾಡುಗಳ ನಡುವೆ, ಬೀಸುಕಲ್ಲಿನ ಸದ್ದಿನ ಮರೆಯಲ್ಲಿ, ಮಠವನ್ನು ಬೈಯುವ ಹೊಲಸು ಮಾತು ಸೇರಿಸುತ್ತಾಳೆಂದು ಸುದ್ದಿ ಹಬ್ಬಿತ್ತು. ಮುರಿಗೆಯ್ಯ ಮೊದಲು ನಂಬಿರಲಿಲ್ಲ. ಹಿಂದಿನ ದಿನ ಬೀಸುವ ಕೋಣೆಯ ಗೋಡೆಯ ಈಚೆ ನಿಂತು ತಾನೇ ಕೇಳಿಸಿಕೊಂಡು ಬಂದಿದ್ದನು. ಅವಳನ್ನು ಮಠದಿಂದ ಕಳಿಸಿಬಿಡಬೇಕೆಂಬುದು ಅವನ ಬಿನ್ನಹ. ಕಳಿಸಿದರೆ ಅವಳಿಗೆ ಹೋಗಲು ಬೇರೆ ನೆಲೆ ಇರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಚಹಾದಂಗಡಿಯವನಿದ್ದನು. ಅವನ ಹೆಂಡತಿ ಚೆನ್ನಾಗಿ ಹಾಡುವವಳು. ಒಮ್ಮೆ ಪಟ್ಟಣದ ಕಂಪನಿಯವರು ಅವಳನ್ನು ಕರೆಸಿ ಗ್ರಾಮಫೋನ್ ಪ್ಲೇಟಿಗೆ ಒಂದು ಹಾಡು ಹಾಡಿಸಿದರು. ಹೆಂಗಸು ಪರರ ಮುಂದೆ ಹಾಡುವುದು ಅವನಿಗೆ ಹಿಡಿಸಲಿಲ್ಲ. ಅವಳು ಪಟ್ಟಣಕ್ಕೆ ಹೊರಟ ದಿನ ಅವನು ಮುಖ ಕೊಟ್ಟು ಮಾತಾಡಲಿಲ್ಲ. ಮರುವರ್ಷ ಅವಳು ಜ್ವರ ಬಂದು ತೀರಿಕೊಂಡಳು. ಅವನಿಗೆ ಉಳಿದದ್ದು ಆ ಪ್ಲೇಟು ಒಂದೇ. ದಿನವೂ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅದನ್ನು ಒಮ್ಮೆ ಹಚ್ಚಿ ಕೇಳುತ್ತಿದ್ದನು. ಅಷ್ಟು ಹೊತ್ತು ಎದೆ ಹಗುರಾಗುತ್ತಿತ್ತು.

ಒಂದು ದಿನ ಒಬ್ಬ ಬಟ್ಟೆ ವ್ಯಾಪಾರಿ ಚಹಾ ಕುಡಿಯುತ್ತ ಪಟ್ಟಣದ ಸುದ್ದಿ ತೆಗೆದನು. ದೊಡ್ಡ ದೊಡ್ಡ ಹಾಡುಗಾರರ ಪ್ಲೇಟುಗಳಲ್ಲೇ ಬೈಗುಳ ಅಡಗಿರುತ್ತವಂತೆ, ಹಿಂದಕ್ಕೆ ತಿರುಗಿಸಿದರೆ ಕೇಳುತ್ತವಂತೆ. ಇಂಥ ಸುದ್ದಿಗೆ ಉಪ್ಪುಖಾರ ಹಚ್ಚುವುದರಲ್ಲಿ ಅವನದು ಎತ್ತಿದ ಕೈ. ಕೂತವರೆಲ್ಲ ನೋಡೇಬಿಡೋಣ ಎಂದರು. ಅಂಗಡಿಯವನು ಗ್ರಾಮಫೋನಿನ ಮುಳ್ಳನ್ನು ಇಟ್ಟು, ಹೆಂಡತಿಯ ಪ್ಲೇಟನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿದನು. ಗರಗರ ಸದ್ದಲ್ಲದೆ ಬೇರೇನೂ ಬರಲಿಲ್ಲ.

“ನನಗೇನೂ ಕೇಳವಲ್ದು,” ಎಂದನು.

“‘ನಿನ್ನ ಮನಿ ಹಾಳಾಗ್ಲಿ’ ಅಂತಾಳ ನೋಡ್ರಿ. ಈಗ ಕೇಳ್ರಿ,” ಎಂದನು ವ್ಯಾಪಾರಿ.

ಎರಡನೆಯ ಸಲ ತಿರುಗಿಸಿದಾಗ ಅಂಗಡಿಯವನಿಗೂ ಸ್ಪಷ್ಟವಾಗಿ ಕೇಳಿಸಿತು. ಅವಳನ್ನು ಮಾತಾಡಿಸದೆ ಕಳಿಸಿದ ಆ ದಿನ ನೆನಪಾಯಿತು. ಆ ಶಾಪ ತನಗೇ ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ.

ಸುದ್ದಿ ಪೇಟೆಯೆಲ್ಲ ಹರಡಿತು. ತಮಗೂ ಕೇಳಿಸೆಂದು ಜನ ದುಂಬಾಲು ಬಿದ್ದರು. ಮೊದಲು ಯಾರಾದರೂ ಆ ಮಾತು ಹೇಳಿಕೊಡುವರು, ಆಮೇಲೆ ಪ್ಲೇಟು ತಿರುಗುವುದು. ಕೇಳಿಸಲಿಲ್ಲ ಎಂದವರು ಒಬ್ಬರೂ ಇಲ್ಲ. ಜನ ಹೋದ ಮೇಲೆ ಅವನೂ ಒಬ್ಬನೇ ಕೂತು ತಿರುಗಿಸುತ್ತಿದ್ದನು. ಇವತ್ತಾದರೂ ಕೇಳದೆ ಹೋದೀತು ಎಂಬುದು ಅವನ ಆಸೆ. ಹಾಡನ್ನು ಮುಂದಕ್ಕೆ ಹಚ್ಚಲು ಮಾತ್ರ ಧೈರ್ಯ ಸಾಲಲಿಲ್ಲ.

ವರ್ಷ ತಿರುಗಿ ಅವಳು ತೀರಿಕೊಂಡ ದಿನ ಬಂತು. ಬೈದರೆ ಬೈಯಲಿ, ಹಾಡು ಒಮ್ಮೆ ಕೇಳಬೇಕೆನಿಸಿತು. ಪ್ಲೇಟನ್ನು ಒರೆಸಿ, ಮೊದಲಿನಂತೆ ಸರಿಯಾಗಿ ಹಚ್ಚಿದನು. ಹಿಂದಕ್ಕೆ ಎಳೆದೆಳೆದು ಮುಳ್ಳು ಅದರ ಗೆರೆಗಳನ್ನೆಲ್ಲ ಕೆರೆದು ಹಾಕಿತ್ತು. ಹಾಡು ಬರಲಿಲ್ಲ, ಗರಗರ ಸದ್ದು ಬಂತು. ಆ ಸದ್ದಿನಲ್ಲಿ ಅವನಿಗೆ ಬೈಗುಳ ಮಾತ್ರ ಒಂದಕ್ಷರ ಬಿಡದೆ ಕೇಳಿಸಿತು. ಬದುಕಿರುವ ತನಕ ಹೆಂಡತಿಯ ದನಿ ಎಂದರೆ ಅವನಿಗೆ ಅದೇ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಹಿತ್ತಲ ಕಡೆಯಿಂದ ಬೀಸುವ ಸದ್ದು ಬರುತ್ತಿತ್ತು. ಮುರಿಗೆಯ್ಯನಿಗೆ ಸಮಾಧಾನವಾಗಲಿಲ್ಲ.

“ಅದು ಸತ್ತಾಕಿ ಪ್ಲೇಟು, ಅಪ್ಪಾರ. ಈಕಿ ಹಾಡೂದನ್ನ ನಿನ್ನೆ ನಾ ಖುದ್ದ ಕೇಳೀನಿ,” ಎಂದನು.

ಗುರುಗಳು ಹೇಳಿದರು: “ಆ ಸುದ್ದಿ ಕಿವಿಗೆ ಬಿದ್ದು ನೀಲವ್ವ ಹಾಡೂದು ಬಿಟ್ಟು ನಾಕು ದಿನಾ ಆತು, ತಮ್ಮಾ; ನಿನ್ನೆ ನೀ ಕೇಳಿದ್ದು ಬರೇ ಬೀಸುಕಲ್ಲು.”