ಮೂಳೆಯೊಳಗಿನ ನೆಣ

ಬೇಸಾಯವೆಂಬುದನ್ನು ಯಾರೂ ಕಂಡಿರದ ಕಾಲ. ಕಾಡಿನ ನಡುವೆ ಒಂದು ಹೊಳೆ, ಹೊಳೆಯ ದಂಡೆಯಲ್ಲಿ ಒಂದಷ್ಟು ಗುಡಿಸಲು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಜನ.

ಅವರಿಗೆಲ್ಲ ಬೇಟೆ ಕಲಿಸಿದ ಗುರು ಸೀಗಜ್ಜ. ಬಾಯಲ್ಲಿ ಹಲ್ಲಿರಲಿಲ್ಲ. ಮಾತಿನಲ್ಲಿ ಮಾತ್ರ ಎಲ್ಲವೂ ಇದ್ದವು.

ಅವನ ಶಿಷ್ಯ ಕೇತ, ಹೊಸದಾಗಿ ತಂದೆಯಾದವನು. ಬಿಟ್ಟ ಬಾಣ ತಪ್ಪುತ್ತಿರಲಿಲ್ಲ. ಅದನ್ನು ಬೇರೆಯವರು ಹೇಳುವ ತನಕ ಕಾಯುವ ಅಭ್ಯಾಸವೂ ಅವನಿಗಿರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಿತ್ತು. ಹುಲ್ಲೆಲ್ಲ ಒಣಗಿತ್ತು. ಒಂದು ಬೆಳಿಗ್ಗೆ ಕೇತ ಬಂದು ಗುರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಂದಿನ ಜಂಬ ಮುಖದಲ್ಲಿರಲಿಲ್ಲ.

"ಅಜ್ಜ, ಬೊಮ್ಮಿಗೆ ಹಾಲು ಬತ್ತೋಗ್ತಾ ಐತೆ. ಕೂಸು ಅಳೋದನ್ನೂ ಬಿಟ್ಟೈತೆ. ಸುಮ್ನೆ ನೋಡ್ತದೆ."

"ನಿನ್ನ ಹೆಂಡ್ತಿಗೆ ತಿನ್ನೋಕೆ ಏನ್ ಕೊಡ್ತಾ ಇದೀಯ?"

"ದಿನಾ ಮೊಲ ತತ್ತೀನಿ. ಮೊನ್ನೆ ಒಂದು ಹೆಣ್ಣು ಕಡವೆ ಬೇರೆ ಹೊಡ್ದೆ. ಹೊಟ್ಟೆ ಬಿರಿಯೋ ಹಂಗೆ ತಿಂತಾಳೆ. ತಿಂದ ಮೇಲೂ ಹಸಿವು ಅಂತಾಳೆ, ದಿನದಿನಕ್ಕೂ ಸೊರಗ್ತಾವ್ಳೆ. ನಾನೇನು ಕಮ್ಮಿ ಮಾಡ್ದೆ, ನೀನೇ ಹೇಳು."

ಅಜ್ಜ ಎದ್ದು ಕೇತನ ಗುಡಿಸಲಿಗೆ ನಡೆದ. ಬಾಗಿಲಲ್ಲಿ ತೂಗುಹಾಕಿದ್ದ ಮಾಂಸದ ಕಡೆ ತಿರುಗಿಯೂ ನೋಡದೆ ಸೀದಾ ಹಿಂಬದಿಗೆ ಹೋದ.

ಅಲ್ಲಿ ಕಡವೆಯ ಕಾಲಿನ ಮೂಳೆಗಳು ಇಡಿಯಾಗಿ ಬಿದ್ದಿದ್ದವು. ಒಂದನ್ನು ನಾಯಿ ಕಡಿಯುತ್ತಿತ್ತು. ಅಜ್ಜ ಅದನ್ನು ಹಿಡಿದೆಳೆದ. ನಾಯಿ ಗುರ್ರೆಂದಿತು. ಅಜ್ಜನೂ ಗುರ್ರೆಂದ. ಕೊನೆಗೆ ನಾಯಿಯೇ ಬಿಟ್ಟುಕೊಟ್ಟಿತು.

ಕೇತನಿಗೆ ನಾಚಿಕೆಯಾಯಿತು. "ಬಿಡಜ್ಜ, ಯಾರಾದ್ರೂ ನೋಡ್ತಾರೆ. ಇಷ್ಟು ಮಾಂಸ ತರೋನ ಮನೇಲಿ ಮೂಳೆ ಚೀಪೋದಾ?"

"ನಿನ್ನ ನಾಯಿಗೆ ಇರೋ ಬುದ್ಧಿ ನಿನಗೆ ಬರ್ಲಿಲ್ವಲ್ಲ. ಅದಕ್ಕೇನು ನಾನು ಪಾಠ ಹೇಳಿದ್ನಾ?"

ಅಜ್ಜ ಮೂಳೆಗಳನ್ನು ಕೆಂಡದ ಪಕ್ಕದಲ್ಲಿಟ್ಟು ಕಾಯಿಸಿದ. ಬಂಡೆಯ ಮೇಲಿಟ್ಟು ಕಲ್ಲಿನಿಂದ ಹೊಡೆದ. ಮೂಳೆ ಸೀಳಿತು. ಒಳಗಿದ್ದ ಕೊಬ್ಬನ್ನು, ಆ ಬಿಸಿ ನೆಣವನ್ನು, ಕಡ್ಡಿಯಿಂದ ಕೆದಕಿ ಮುತ್ತುಗದ ಎಲೆಗೆ ಹಾಕಿ ಬೊಮ್ಮಿಯ ಮುಂದಿಟ್ಟ.

ಬೊಮ್ಮಿ ತಿಂದಳು. ಎಲೆಯನ್ನೂ ನೆಕ್ಕಿದಳು. ಆಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು.

"ಅಜ್ಜ," ಎಂದಳು, "ಸಾಕು ಅನ್ನಿಸ್ತು."

ಎಷ್ಟೋ ದಿನದಿಂದ ಅವಳ ಬಾಯಲ್ಲಿ ಬಾರದಿದ್ದ ಮಾತು ಅದು. ಹೇಳಿದವಳೇ ಅತ್ತುಬಿಟ್ಟಳು.

ಅಂದು ಅಜ್ಜ ಗುಡಿಸಲಿಂದ ಗುಡಿಸಲಿಗೆ ಹೋಗಿ ಕೊಬ್ಬಿಲ್ಲದ ಮಾಂಸ ಎಷ್ಟು ತಿಂದರೂ ಬಾಣಂತಿಗೆ ಸಾಲದು, ಮೂಳೆಯ ನೆಣ ಬೇಕು ಎಂದು ಹೇಳಿ ಬಂದ. ಅಂದಿನಿಂದ ಯಾರು ಏನು ಹೊಡೆದು ತಂದರೂ ಅದರ ಕಾಲಿನ ಮೂಳೆ ಬೊಮ್ಮಿಯ ಒಲೆಯ ಪಕ್ಕಕ್ಕೆ ಬಂತು. ತಮ್ಮ ಮಕ್ಕಳ ಬಾಯಿಗೆ ಹೋಗುವುದನ್ನು ತಡೆದು ತಂದವರೂ ಇದ್ದರು. ಕೇತ ತಾನೇ ಕೂತು ಕಾಯಿಸಿದ, ತಾನೇ ಒಡೆದ. ಯಾರು ನೋಡಿದರೂ ಅವನಿಗೀಗ ಚಿಂತೆಯಿರಲಿಲ್ಲ.

ಮೆಲ್ಲಮೆಲ್ಲಗೆ ಬೊಮ್ಮಿಯ ಎದೆಗೆ ಹಾಲು ಇಳಿಯಿತು. ಒಂದು ಮುಂಜಾನೆ ಕೂಸು ಹಸಿವಿಗೆ ಎಂಥ ಕಿರುಚಾಟ ತೆಗೆಯಿತೆಂದರೆ ದಂಡೆಯ ಜನವೆಲ್ಲ ಎದ್ದು ಕೂತರು. ನಿದ್ದೆ ಕೆಟ್ಟಿತೆಂದು ಒಬ್ಬರೂ ಬೈಯಲಿಲ್ಲ. ಮುದುಕಿಯರು ನಕ್ಕರು.

ಕೇತ ಓಡಿಬಂದು ಗುರುವಿನ ಕಾಲಿಗೆ ಬಿದ್ದ.

"ಅಜ್ಜ, ನನ್ನ ಕೂಸನ್ನ ಉಳಿಸಿಕೊಟ್ಟೆ."

ಅಜ್ಜ ಕಾಲು ಹಿಂದಕ್ಕೆಳೆದುಕೊಂಡ. "ನಾನು ಕಲ್ಲು ಎತ್ತಾಕಿದೆ, ಅಷ್ಟೆ. ಒಳಗಿದ್ದಿದ್ದು ನಂದಾ?"

ಕೇತ ತಲೆಯೆತ್ತಿದ. "ಅಲ್ಲ. ಆ ಕಡವೇದು."

"ಅದರ ಮೈಯಲ್ಲಿ ಬೇರೆಲ್ಲಾದ್ರೂ ಕೊಬ್ಬು ಕಂಡ್ಯಾ?"

"ಎಲ್ಲೂ ಇರ್ಲಿಲ್ಲ. ಬೆನ್ನು ಒಣಕಲು. ಹೊಟ್ಟೆ ಒಳಗೂ ಏನಿಲ್ಲ."

"ಮೇವಿಲ್ದಾಗ ಮೊದ್ಲು ಬೆನ್ನಿನ ಕೊಬ್ಬು ಕರಗ್ತದೆ. ಆಮೇಲೆ ಹೊಟ್ಟೇದು. ಎಲ್ಲಾ ಮುಗಿದ್ರೂ ಕಾಲಿನ ಮೂಳೇಲಿ ಒಂದಿಷ್ಟು ಉಳಿಸ್ಕೊಂಡಿರ್ತದೆ. ಅದೇ ಕಡೇದು."

ಕೇತ ಕಾಡಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದ.

"ಕಡವೆ ತಾಯಿ, ಕಡೇದನ್ನೂ ನಮಗೇ ಕೊಟ್ಯಲ್ಲ."

ಅಜ್ಜ ಅವನ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದ.

"ಕೊಟ್ಟಿದ್ದಲ್ಲ ಕಣಪ್ಪ. ಅದು ನಿನ್ನಿಂದ ತಪ್ಪಿಸ್ಕೊಂಡು ಓಡೋಕೆ ಇಟ್ಕೊಂಡಿದ್ದು. ಈಗ ಮುಗಿ ಕೈನ."